6,200 ಪೌಂಡ್ ಎಳೆಯುವ ಗಾಡಿ ಇದ್ದರೂ ಆ ಟ್ರೇಲರ್ ಬೇಡ ಅಂದೆವು

ನಮ್ಮ ಡಾಡ್ಜ್ ಡುರಾಂಗೊ ವಿ6 ಗಾಡಿಯ ಎಳೆಯುವ ಮಿತಿ 6,200 ಪೌಂಡ್. ಅಮೆರಿಕದ ಡೆನ್ವರ್ ಹತ್ತಿರ ನಾವು ನೋಡಿದ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ 26 ಅಡಿ ಟ್ರೇಲರ್‌ನ ಖಾಲಿ ತೂಕ 4,750. ‘ಇನ್ನೂ 1,450 ಪೌಂಡ್ ಮಿಕ್ಕಿದೆ, ಆರಾಮಾಗಿ ಎಳೆಯುತ್ತದೆ’ ಅಂದರು ಮಾರುವವರು. ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ, ನಿಂತು ಅಡುಗೆ ಮಾಡುವಷ್ಟು ಜಾಗ. ಬೇಸಿಗೆಯಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬಂದಾಗ ಎಲ್ಲರೂ ಯೆಲ್ಲೋಸ್ಟೋನ್‌ಗೆ ಹೋಗಬಹುದು ಅಂತ ನನ್ನ ಹೆಂಡತಿಗೂ ಆಸೆಯಿತ್ತು.

ಆದರೆ ಮೊದಲು ನೋಡಬೇಕಾದ ಸಂಖ್ಯೆ 6,200 ಅಲ್ಲ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಹಳದಿ ಬಿಳಿ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ದಾಟಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ನಮ್ಮ ಗಾಡಿಯದ್ದು 1,290 ಪೌಂಡ್. ಒಂದೇ ಮಾಡೆಲ್‌ನ ಎರಡು ಗಾಡಿಗಳಿಗೂ ಇದು ಬೇರೆ ಬೇರೆ ಇರಬಹುದು. ಹಾಗಾಗಿ ಜಾಹೀರಾತು ನೋಡಬೇಡಿ, ನಿಮ್ಮದೇ ಬಾಗಿಲು ನೋಡಿ.

ಟ್ರೇಲರ್ ತೂಕದಲ್ಲಿ ಒಂದು ಪಾಲು ಹಿಚ್ (ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿ) ಮೂಲಕ ಗಾಡಿಯ ಮೇಲೇ ಕೂರುತ್ತದೆ. ಇದು ಟಂಗ್ ವೇಟ್. ಸಾಮಾನ್ಯವಾಗಿ ಒಟ್ಟು ತೂಕದ ಶೇ 10ರಿಂದ 15. ಇದೂ ಪೇಲೋಡ್‌ನಲ್ಲೇ ಸೇರುತ್ತದೆ.

ಒಂದು ಸಂಜೆ ಕೂತು ಲೆಕ್ಕ ಹಾಕಿದೆವು. ಖಾಲಿ ತೂಕ ಅಂದರೆ ನಿಜಕ್ಕೂ ಖಾಲಿ. ಬ್ಯಾಟರಿ, ತುಂಬಿದ ಗ್ಯಾಸ್ ಸಿಲಿಂಡರ್‌ಗಳು, 40 ಗ್ಯಾಲನ್ ನೀರು (ಅದೇ 334 ಪೌಂಡ್), ಹಾಸಿಗೆ, ಕುಕ್ಕರ್, ಅಕ್ಕಿ ಬೇಳೆ, ಮಕ್ಕಳ ಸೈಕಲ್. ಎಲ್ಲ ಸೇರಿ ಟ್ರೇಲರ್ 5,900 ಆಗಿಯೇ ಆಗುತ್ತದೆ. ಅದರ ಶೇ 13 ಅಂದರೆ ಸುಮಾರು 767. ಭಾರ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ಗೆ 90. ನಾವಿಬ್ಬರು, ಮಕ್ಕಳಿಬ್ಬರು ಸೇರಿ 470. ಒಟ್ಟು 1,327! ನಮ್ಮ ಪೇಲೋಡ್ ಮಿತಿ 1,290. ಅಪ್ಪ ಅಮ್ಮ ಇನ್ನೂ ಗಾಡಿ ಹತ್ತಿಯೇ ಇಲ್ಲ. ಅವರು ಹತ್ತಿದರೆ 1,600 ದಾಟುತ್ತದೆ.

ಆ ಹಿಚ್ ಸ್ವಲ್ಪ ಭಾರವನ್ನು ಟ್ರೇಲರ್ ಚಕ್ರಗಳಿಗೆ ವಾಪಸ್ ಕಳಿಸುತ್ತದೆ, ನಿಜ. ಆದರೆ ಅದನ್ನು ನಂಬಿಕೊಂಡು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗಲು ನನಗೆ ಮನಸ್ಸಿಲ್ಲ. ಸಾಮಾನನ್ನೆಲ್ಲ ಟ್ರೇಲರ್‌ನ ಹಿಂಭಾಗಕ್ಕೆ ತಳ್ಳಿ ಟಂಗ್ ವೇಟ್ ಇಳಿಸಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂಗಿನ ಭಾರ ಕಡಿಮೆಯಾದಷ್ಟೂ ಟ್ರೇಲರ್ ಬಾಲದ ಹಾಗೆ ಅತ್ತಿತ್ತ ಬೀಸುತ್ತದೆ. ಆ ತೂಗಾಟ ಜೋರಾದರೆ ಗಾಡಿಯನ್ನೇ ರಸ್ತೆಯಿಂದ ಎಳೆದುಬಿಡುತ್ತದೆ.

ಹಾಗಾದರೆ 6,200 ಅನ್ನುವುದು ಸುಳ್ಳಾ? ಅಲ್ಲ. ಎಳೆಯುವ ಮಿತಿಗೆ ಜೆ2807 ಅನ್ನುವ ಮಾನದಂಡವಿದೆ. ಅದರ ಲೆಕ್ಕದಲ್ಲಿ ಗಾಡಿಯಲ್ಲಿ ಇರುವುದು ತಲಾ 150 ಪೌಂಡ್‌ನ ಇಬ್ಬರೇ. ತುಂಬಿದ ಸಂಸಾರ ಅಲ್ಲ.

ನಮ್ಮ ಊರಿನ ಕಷ್ಟ ಇನ್ನೊಂದು. ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿಗೆ ಮೂರರಲ್ಲಿ ಒಂದು ಪಾಲು ಹೋದ ಹಾಗೇ. ಹತ್ತುವಾಗ ನಿಧಾನವಾದರೆ ಚಿಂತೆಯಿಲ್ಲ, ಬಲಗಡೆ ಲೇನ್‌ನಲ್ಲಿ ಹೋದರಾಯಿತು. ನನಗೆ ಭಯ ಸಿಲ್ವರ್‌ಥಾರ್ನ್ ಕಡೆಗಿನ ಶೇ 7ರ ಇಳಿಜಾರಿನದ್ದು. ಬ್ರೇಕ್ ಫೇಲ್ ಆದ ಲಾರಿಗಳಿಗಾಗಿ ಪಕ್ಕದಲ್ಲೇ ರ‍್ಯಾಂಪ್ ಮಾಡಿಟ್ಟಿದ್ದಾರೆ. ಯೆಲ್ಲೋಸ್ಟೋನ್ ದಾರಿಯಲ್ಲಿ ವಯೋಮಿಂಗ್‌ನ ಅಡ್ಡಗಾಳಿ ಬೇರೆ. 26 ಅಡಿ ಗೋಡೆಗೆ ಆ ಗಾಳಿ ಬಡಿದರೆ ಹಗುರ ಎಸ್‌ಯುವಿ ಎಷ್ಟು ತಡೆಯುತ್ತದೆ?

‘ದೊಡ್ಡ ಗಾಡಿ ತಗೊಳ್ಳೋಣ್ವಾ?’ ಅಂದಳು ಹೆಂಡತಿ. ವರ್ಷಕ್ಕೆ ನಾಲ್ಕಾರು ಸಲ ಹೋಗುವುದಕ್ಕೆ ಅಷ್ಟು ಸಾಲ ಬೇಡ ಅಂತ ಇಬ್ಬರಿಗೂ ಅನ್ನಿಸಿತು. ಮಂಚಗಳಿರುವ ಸಣ್ಣ ಟ್ರೇಲರ್ ಒಂದು ಸಿಕ್ಕಿದೆ. ತುಂಬಿದಾಗ 4,000 ಪೌಂಡ್ ಆದರೆ ನಮ್ಮ ನಾಲ್ವರ ಜೊತೆ ಪೇಲೋಡ್ 1,100ರ ಒಳಗೇ ನಿಲ್ಲುತ್ತದೆ. ಅಪ್ಪ ಅಮ್ಮ ಬಂದಾಗ ಟ್ರೇಲರ್ ಮನೆಯಲ್ಲೇ ಇರುತ್ತದೆ, ಕ್ಯಾಬಿನ್ ಬುಕ್ ಮಾಡುತ್ತೇವೆ.

ತಂದ ಮೇಲೆ ಮೊದಲ ಕೆಲಸ, ಎಲ್ಲ ತುಂಬಿಕೊಂಡು ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಕಟ್ಟೆ ಮೇಲೆ ನಿಲ್ಲಿಸುವುದು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್, ಮೂರೂ ತೂಕ ಬೇರೆ ಬೇರೆ ಬರುತ್ತದೆ. ಆ ಚೀಟಿಯ ಸಂಖ್ಯೆಗಳು ಮಿತಿಯೊಳಗೆ ಇದ್ದರೆ ಮಾತ್ರ ಬೆಟ್ಟದ ಕಡೆ ಹೊರಡುವುದು.