ಬದುಕಿರುವವರ ಬದುಕು ಬರೆಯುವಾಗ

ಬದುಕಿರುವ ವ್ಯಕ್ತಿಯ ಜೀವನಚರಿತ್ರೆ ಅಂದ ಕೂಡಲೇ, ಅದರಲ್ಲಿ ಹೊಗಳಿಕೆ ಬಿಟ್ಟು ಇನ್ನೇನಿರುತ್ತದೆ ಎಂದು ತುಂಬಾ ಜನ ಪಕ್ಕಕ್ಕಿಡುತ್ತಾರೆ. ವರ್ಷಗಟ್ಟಲೆ ಜೊತೆ ಕೂತು ಮಾತಾಡಿದವರ ತಪ್ಪನ್ನು ಬರೆಯಲು ಕೈ ಬರುತ್ತಾ ಅನ್ನೋದು ಅವರ ಅನುಮಾನ. ನನಗೆ ಈ ಸಲಿಗೆ ಅಷ್ಟು ದೊಡ್ಡ ತೊಂದರೆ ಅನಿಸುವುದಿಲ್ಲ. ಅಚ್ಚಿಗೆ ಹೋಗುವ ಮುಂಚೆ ಹಸ್ತಪ್ರತಿಯಲ್ಲಿ ಹೊಡೆದುಹಾಕುವ ಹಕ್ಕು ಯಾರಿಗಿದೆ? ನಾನು ನೋಡುವುದು ಅದನ್ನು.

ಕಾದಂಬರಿಕಾರ ವಿ. ಎಸ್. ನೈಪಾಲ್ ಅವರನ್ನೇ ನೋಡಿ. ಪ್ಯಾಟ್ರಿಕ್ ಫ್ರೆಂಚ್ ಬರೆದ ಅವರ ಜೀವನಚರಿತ್ರೆ 2008ರಲ್ಲಿ ಬಂದಾಗ ಅವರಿನ್ನೂ ಬದುಕಿದ್ದರು. ಅಮೆರಿಕದ ಟಲ್ಸಾ ವಿಶ್ವವಿದ್ಯಾಲಯದಲ್ಲಿದ್ದ ತಮ್ಮ ಕಾಗದಪತ್ರಗಳನ್ನು ನೋಡಲು ಬಿಟ್ಟರು, ಕೇಳಿದ್ದಕ್ಕೆಲ್ಲ ಮುಲಾಜಿಲ್ಲದೆ ಉತ್ತರ ಕೊಟ್ಟರು, ಕೊನೆಗೆ ಇಡೀ ಹಸ್ತಪ್ರತಿ ಓದುವ ಅವಕಾಶ ಇದ್ದರೂ ಒಂದು ಬದಲಾವಣೆಯನ್ನೂ ಕೇಳಲಿಲ್ಲ. ಹೆಂಡತಿ ಪ್ಯಾಟ್ ಅವರನ್ನು ನೈಪಾಲ್ ನಡೆಸಿಕೊಂಡ ರೀತಿ ಓದುತ್ತಾ ಹೋದರೆ ಸಿಟ್ಟು ಬರುತ್ತದೆ. ಅದೆಲ್ಲ ಹಾಗೇ ಅಚ್ಚಾಗಲಿ ಎಂದು ಬಿಟ್ಟರಲ್ಲ, ಆ ಒಂದು ವಿಷಯಕ್ಕೆ ನನಗೆ ಅವರ ಮೇಲೆ ಗೌರವ ಇದೆ.

ಆದರೆ ಪ್ಯಾಟ್? ಅವರು 1996ರಲ್ಲೇ ತೀರಿಕೊಂಡಿದ್ದರು. ಅವರ ಡೈರಿಗಳೂ ಅದೇ ಕಾಗದಪತ್ರಗಳ ಜೊತೆ ಇದ್ದವು, ನೈಪಾಲ್ ಅವುಗಳನ್ನು ಓದಿರಲೂ ಇಲ್ಲ. ಒಪ್ಪಿಗೆ ಕೊಟ್ಟವರು ಗಂಡ, ಬಯಲಾಗಿದ್ದು ಹೆಂಡತಿಯ ಒಳಗಿನ ನೋವು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಆದರೂ ಆ ಡೈರಿಗಳು ಪುಸ್ತಕಕ್ಕೆ ಬಂದಿದ್ದೇ ಸರಿ ಅಂತೀನಿ. ಇಲ್ಲದಿದ್ದರೆ ಅವರಿಬ್ಬರ ಸಂಸಾರದ ಬಗ್ಗೆ ನಮಗೆ ಉಳಿಯುತ್ತಿದ್ದದ್ದು ಹೆಚ್ಚಾಗಿ ಆತನ ಮಾತು, ಅಲ್ವಾ?

ಇದಕ್ಕೆ ಪೂರ್ತಿ ಉಲ್ಟಾ, ಜನರಿಂದ ದೂರವೇ ಉಳಿದಿದ್ದ ಅಮೆರಿಕದ ಕಾದಂಬರಿಕಾರ ಜೆ. ಡಿ. ಸ್ಯಾಲಿಂಜರ್. ತಮ್ಮ ಬಗ್ಗೆ ಬರೆಯಹೊರಟ ಇಯಾನ್ ಹ್ಯಾಮಿಲ್ಟನ್ ಮೇಲೆ ಕೋರ್ಟಿಗೆ ಹೋದರು. ಹ್ಯಾಮಿಲ್ಟನ್ ಗ್ರಂಥಾಲಯಗಳಲ್ಲಿ ಸ್ಯಾಲಿಂಜರ್ ಬರೆದ ಪತ್ರಗಳನ್ನು ಓದಿದ್ದರು. ಪತ್ರದ ಹಾಳೆ ಯಾರ ಹತ್ತಿರ ಇದ್ದರೂ ಅದರಲ್ಲಿನ ಬರಹದ ಹಕ್ಕು ಬರೆದವರದ್ದೇ. ಸಾಲುಗಳನ್ನು ಎತ್ತಿ ಹಾಕುವುದು ಹಾಗಿರಲಿ, ಅವುಗಳನ್ನು ಹತ್ತಿರದ ಮಾತುಗಳಲ್ಲಿ ತಿರುಗಿಸಿ ಬರೆಯುವುದೂ ತಪ್ಪು ಎಂದು 1987ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. ಹ್ಯಾಮಿಲ್ಟನ್ ಪುಸ್ತಕವನ್ನೇ ಬೇರೆ ಥರ ಬರೆದು 1988ರಲ್ಲಿ ಹೊರತಂದರು. ಸುಮ್ಮನಿರುವ ಹಕ್ಕು ಸ್ಯಾಲಿಂಜರ್‌ಗೆ ಖಂಡಿತ ಇತ್ತು. ಬೇರೆಯವರೂ ಸುಮ್ಮನಿರಬೇಕು ಅನ್ನುವುದು ಜಾಸ್ತಿಯಾಯಿತು.

ಇಂಥ ಪುಸ್ತಕ ಕೈಗೆ ಬಂದರೆ ನಾನು ಮೊದಲು ಮುನ್ನುಡಿ ಓದುತ್ತೇನೆ. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ತಮ್ಮ ಬಗೆಗಿನ ಪುಸ್ತಕದ ಮುಖಪುಟದ ವಿಷಯದಲ್ಲಿ ಮಾತ್ರ ಹಟ ಹಿಡಿದರು, ಒಳಗಿನ ಬರಹಕ್ಕೆ ಕೈ ಹಾಕಲಿಲ್ಲ ಎಂದು ಅದನ್ನು ಬರೆದ ವಾಲ್ಟರ್ ಐಸಾಕ್ಸನ್ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಓದುಗರಿಗೆ ಅಷ್ಟನ್ನಾದರೂ ಬರೆದವರು ಹೇಳಲೇಬೇಕು.