ಲಡಾಖ್ ಪ್ರವಾಸದ ಹಾಳೆಯಲ್ಲಿ ನಾನು ಮೊದಲು ಬರೆಯುವುದು ರಾತ್ರಿಗಳನ್ನು

ಮೈಸೂರಿನ ನಮ್ಮ ಪ್ರವಾಸ ಕಚೇರಿಯಲ್ಲಿ ಇರುವುದು ಇಬ್ಬರೇ. ದಕ್ಷಿಣದ ದೇವಸ್ಥಾನಗಳ ಪ್ರವಾಸವನ್ನು ನನ್ನ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ, ಹಿಮಾಲಯದ ಕಡೆಯದು ನನ್ನ ಪಾಲು. ಏಪ್ರಿಲ್ ಬಂತೆಂದರೆ ನನ್ನ ಮೇಜಿನ ಮೇಲೆ ಲಡಾಖ್ ಬಿಟ್ಟು ಬೇರೆ ನಕ್ಷೆ ಇರುವುದಿಲ್ಲ. ಬರುವವರ ಆಸೆ ಹೆಚ್ಚುಕಡಿಮೆ ಒಂದೇ: ಪ್ಯಾಂಗಾಂಗ್ ಸರೋವರ ನೋಡಬೇಕು, ತ್ಸೊ ಮೊರಿರಿ ಸರೋವರವನ್ನೂ ನೋಡಬೇಕು, ಖರ್ದುಂಗ್ ಲಾ (ಲಾ ಎಂದರೆ ಘಾಟಿ) ಹತ್ತಿ ಇಳಿಯಬೇಕು, ಎಲ್ಲವೂ ಆರು ದಿನದಲ್ಲಿ ಮುಗಿಯಬೇಕು. ಆಸೆಯಲ್ಲಿ ತಪ್ಪೇನಿಲ್ಲ, ಆ ನಾಡು ಅಷ್ಟು ಚೆಂದ. ಆದರೆ ಅದನ್ನು ಕಾಗದಕ್ಕೆ ಇಳಿಸುವ ಕೆಲಸವನ್ನು ನಾನು ಕೆಲವು ವರ್ಷ ತಪ್ಪಾಗಿ ಮಾಡಿದೆ. ಅದರ ಬೆಲೆಯನ್ನು ತೆತ್ತವರು ಬೇರೆಯವರು.

ಆಗ ನಾನು ಲೆಕ್ಕ ಹಾಕುತ್ತಿದ್ದುದು ಕಿಲೋಮೀಟರಿನಲ್ಲಿ. ಲೇಹ್‌ನಿಂದ ಪ್ಯಾಂಗಾಂಗ್‌ಗೆ ಸುಮಾರು 150 ಕಿ.ಮೀ., ಐದು ಗಂಟೆಯ ದಾರಿ. ಬೆಂಗಳೂರಿನಿಂದ ಮೈಸೂರಿಗೆ ಬಂದಷ್ಟೇ ದೂರವಲ್ಲವೇ ಎಂದು ಗ್ರಾಹಕರೂ ಹೇಳುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ಶಿವಮೊಗ್ಗದ ಕುಟುಂಬವೊಂದಕ್ಕೆ ಹಾಗೆಯೇ ಯೋಜನೆ ಮಾಡಿಕೊಟ್ಟೆ. ಗಂಡ, ಹೆಂಡತಿ, ಮಗಳು, ಅಳಿಯ. ಮೊದಲ ದಿನ ದೆಹಲಿಯಿಂದ ಬೆಳಗಿನ ವಿಮಾನದಲ್ಲಿ ಲೇಹ್. ಎರಡನೆಯ ದಿನ ಚಾಂಗ್ ಲಾ ದಾಟಿ ಪ್ಯಾಂಗಾಂಗ್, ಅಲ್ಲಿಯೇ ವಾಸ್ತವ್ಯ. ತಾಯಿಗೆ ಅರವತ್ತು ದಾಟಿತ್ತು, ಆದರೆ ದಿನಾ ವಾಕಿಂಗ್ ಮಾಡುವ ಗಟ್ಟಿ ಜೀವ. ಮಂಡಿನೋವು ಇದೆಯೇ, ರಕ್ತದೊತ್ತಡ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಅಷ್ಟಕ್ಕೆ ಸಮಾಧಾನಪಟ್ಟುಕೊಂಡೆ.

ಅವರು ಮರಳಿ ಬಂದ ಮೇಲೆ ನಾನೇ ಶಿವಮೊಗ್ಗಕ್ಕೆ ಹೋದೆ. ನಾನು ಕೊಟ್ಟಿದ್ದ ಹಾಳೆಯನ್ನು ಮಗಳು ಮೇಜಿನ ಮೇಲೆ ಬಿಚ್ಚಿಟ್ಟರು. ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಗಳಲ್ಲಿ ಹರಿದುಹೋಗಿತ್ತು. ಎರಡನೆಯ ದಿನದ ಸಾಲಿಗೆ ಆಸ್ಪತ್ರೆಯ ಒಂದು ಚೀಟಿಯನ್ನು ಪಿನ್ ಮಾಡಿದ್ದರು. ತಾಯಿಗೆ ಲೇಹ್‌ನಲ್ಲೇ ತಲೆನೋವು ಶುರುವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಚಾಂಗ್ ಲಾದಲ್ಲಿ ವಾಂತಿಯಾಯಿತು. ದಾರಿಯ ತಿರುವುಗಳಿಂದ ಎಂದುಕೊಂಡರು. ಸಂಜೆ ಐದಕ್ಕೆ ಸರೋವರದ ದಡದ ಡೇರೆ ತಲುಪಿದವರು ಹೊರಗೆ ಬರಲೇ ಇಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ಕುಳಿತರೆ ಕೆಮ್ಮು. ಚಾಲಕ ಒಮ್ಮೆ ಅವರ ಮುಖ ನೋಡಿದವರೇ, ಯಾರನ್ನೂ ಕೇಳದೆ ಗಾಡಿ ಚಾಲೂ ಮಾಡಿದರು. ಗಾಡಿಯಲ್ಲಿದ್ದ ಆಮ್ಲಜನಕದ ಸಿಲಿಂಡರ್ ಹಚ್ಚಿ, ಕತ್ತಲಲ್ಲೇ ಕೆಳಗಿನ ಊರಿನ ಆಸ್ಪತ್ರೆಗೆ ಕರೆದೊಯ್ದರು. ಜೀವ ಉಳಿಯಿತು. ಆ ರಾತ್ರಿ ನಾನು ಮೈಸೂರಿನಲ್ಲಿ ನಿಶ್ಚಿಂತೆಯಿಂದ ಮಲಗಿದ್ದೆ. ಅವರ ಮೊಬೈಲ್‌ಗಳೆಲ್ಲ ಪ್ರೀಪೇಯ್ಡ್. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ. ಅದನ್ನೂ ನಾನು ಹೇಳಿರಲಿಲ್ಲ.

ಆ ತಾಯಿ ನನ್ನನ್ನು ಬೈಯಲಿಲ್ಲ. ಕಾಫಿ ಕೊಟ್ಟು, "ಸರೋವರ ಹೇಗಿದೆ ಎಂದು ಎಲ್ಲರೂ ಕೇಳುತ್ತಾರಪ್ಪ, ನಾನು ಅದನ್ನು ಕತ್ತಲಲ್ಲಿ ಮಾತ್ರ ನೋಡಿದ್ದು" ಎಂದರು.

ನಾನು ಓದಲು ಕುಳಿತಿದ್ದು ಅದಾದ ಮೇಲೆ. ಓದಿದ್ದರಲ್ಲಿ ಗುಟ್ಟೇನೂ ಇರಲಿಲ್ಲ, ಎತ್ತರದ ಪ್ರದೇಶಗಳ ವೈದ್ಯರು ಎಂದಿನಿಂದಲೂ ಹೇಳುತ್ತಾ ಬಂದಿರುವುದೇ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಪೇಟೆಯೇ 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು. ಚಾಂಗ್ ಲಾ, ಖರ್ದುಂಗ್ ಲಾಗಳಲ್ಲಿ, ಅಂದರೆ 5,300 ಮೀಟರಿನ ಆಸುಪಾಸಿನಲ್ಲಿ, ಅರ್ಧಕ್ಕೆ ಬರುತ್ತದೆ. ಉಸಿರೊಂದಕ್ಕೆ ಸಿಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಅದು ದಿನಗಳ ಕೆಲಸ. ದಿನಾ ವಾಕಿಂಗ್ ಮಾಡಿದ್ದರಿಂದ ಆ ಕೆಲಸ ಬೇಗ ಮುಗಿಯುವುದಿಲ್ಲ. ಗಟ್ಟಿಮುಟ್ಟಾದ ಹುಡುಗರೂ ಮಲಗಿಬಿಡುತ್ತಾರೆ.

ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಯಾವ ಎತ್ತರದಲ್ಲಿ ಮಲಗಿದಿರಿ ಎನ್ನುವುದೇ ದೊಡ್ಡದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಉಳಿಯಬೇಕು ಎಂಬುದು ವೈದ್ಯರ ಸಾಮಾನ್ಯ ಸೂತ್ರ. ನಾನು ಆ ಕುಟುಂಬವನ್ನು ಒಂದು ಬೆಳಗಿನಲ್ಲಿ ದೆಹಲಿಯಿಂದ 3,500ಕ್ಕೆ ಏರಿಸಿ, ಮರುರಾತ್ರಿ 4,200ರ ಮೇಲೆ ಮಲಗಿಸಿದ್ದೆ.

ಅಂದಿನಿಂದ ನನ್ನ ಹಾಳೆ ಬದಲಾಯಿತು. ಎಡಗಡೆ ಮೊದಲ ಕಾಲಂ ರಾತ್ರಿಯ ಊರು, ಎರಡನೆಯದು ಆ ಊರಿನ ಎತ್ತರ. ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಏಕೆಂದರೆ ಅಳಿಸುವುದು ಇದ್ದೇ ಇರುತ್ತದೆ. ಆ ಎರಡು ಕಾಲಂ ಸರಿಹೊಂದುವವರೆಗೆ ಹಗಲು ಏನು ನೋಡುವುದೆಂದು ಬರೆಯಲು ಕೈಹಾಕುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ತಡವಾಗಿ ಕಲಿತದ್ದು: ಇಲ್ಲಿಂದ ಇಳಿಯುವ ದಾರಿ ಯಾವುದು?

ಈ ಮೂರನೆಯ ಕಾಲಂ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಎತ್ತರದ ಕಾಯಿಲೆ ಕೆರಳಿದರೆ ಕೆಳಗೆ ಇಳಿಯುವುದೇ ಮೊದಲ ಮದ್ದು. ಆದರೆ ಲಡಾಖಿನಲ್ಲಿ ಇಳಿಯುವುದು ನಕ್ಷೆಯಲ್ಲಿ ಕಾಣುವಷ್ಟು ಸಲೀಸಲ್ಲ. ಪ್ಯಾಂಗಾಂಗ್‌ನಿಂದ ಲೇಹ್‌ಗೆ ನೇರವಾಗಿ ಬರಬೇಕಾದರೆ ಮತ್ತೆ ಚಾಂಗ್ ಲಾ ಹತ್ತಲೇಬೇಕು. ಉಸಿರಾಡಲಾಗದ ರೋಗಿಯನ್ನು ಇನ್ನೂ ಸಾವಿರ ಮೀಟರ್ ಮೇಲಕ್ಕೆ ಒಯ್ದು ಆಮೇಲೆ ಇಳಿಸಬೇಕು. ಮನಾಲಿ ದಾರಿಯ ಸರ್ಚು ಇದಕ್ಕಿಂತ ಕಷ್ಟದ ಜಾಗ. ಸುಮಾರು 4,290 ಮೀಟರಿನ ಬಯಲು. ದಕ್ಷಿಣಕ್ಕೆ 4,890 ಮೀಟರಿನ ಬಾರಾಲಾಚ ಲಾ. ಉತ್ತರಕ್ಕೆ ಗಾಟಾ ಲೂಪ್ಸ್‌ನ ಇಪ್ಪತ್ತೊಂದು ತಿರುವುಗಳು (ನಮ್ಮ ಆಗುಂಬೆ ಘಾಟಿಯದು ಹದಿನಾಲ್ಕು), ಅವನ್ನು ಹತ್ತಿದರೆ 5,000 ಮೀಟರ್ ದಾಟುವ ಲಾಚುಂಗ್ ಲಾ. ಎತ್ತ ಹೊರಟರೂ ಮೊದಲು ಏರಬೇಕು. ಮನಾಲಿಯಿಂದ ಹೊರಟು ಮೊದಲ ರಾತ್ರಿಯೇ ಅಲ್ಲಿ ಡೇರೆಯಲ್ಲಿ ಮಲಗುವವರು ಈಗಲೂ ಇದ್ದಾರೆ. ಮನಾಲಿ 2,050 ಮೀಟರ್. ಒಂದೇ ಹಗಲಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಏರು. ನನ್ನ ಹಾಳೆಯಲ್ಲಿ ಸರ್ಚು ಚಹಾ ಕುಡಿಯುವ ಜಾಗ ಅಷ್ಟೇ. ಯಾರು ಎಷ್ಟು ಕೇಳಿದರೂ ಅಲ್ಲಿ ರಾತ್ರಿ ಬರೆಯುವುದಿಲ್ಲ.

ಹೀಗಾಗಿ ಶ್ರೀನಗರದಿಂದ ಹತ್ತಿ ಮನಾಲಿಗೆ ಇಳಿಯಿರಿ ಎನ್ನುತ್ತೇನೆ, ತಿರುಗಿಸಬೇಡಿ ಎಂದು ಪಟ್ಟು ಹಿಡಿಯುತ್ತೇನೆ. ಶ್ರೀನಗರ ಸುಮಾರು 1,585 ಮೀಟರ್. ದಾಲ್ ಸರೋವರದ ಮೇಲೆ ಎರಡು ರಾತ್ರಿ. ಮೂರನೆಯ ರಾತ್ರಿ ಕಾರ್ಗಿಲ್, ಸುಮಾರು 2,680. ನಡುವೆ 3,528 ಮೀಟರಿನ ಜೋಜಿ ಲಾ ಬರುತ್ತದೆ, ಆದರೆ ಹತ್ತಿ ದ್ರಾಸ್ ಮೂಲಕ ಇಳಿದುಬಿಡುತ್ತೇವೆ. ಮರುದಿನ ಆ ಹೆದ್ದಾರಿಯ ಅತಿ ಎತ್ತರದ ಘಾಟಿ ಫೋಟು ಲಾ, 4,108 ಮೀಟರ್; ಅದನ್ನೂ ದಾಟಿ ಲಾಮಾಯೂರು ಮಠ ನೋಡಿಕೊಂಡು, ನಿಮ್ಮು ಬಳಿ ಸಿಂಧೂ ಮತ್ತು ಜಾಂಸ್ಕಾರ್ ನದಿಗಳು ಎರಡು ಬಣ್ಣದಲ್ಲಿ ಕೂಡುವುದನ್ನು ಕಂಡು ಲೇಹ್ ಸೇರುತ್ತೇವೆ. ಲೇಹ್‌ನಲ್ಲಿ ಮೂರು ರಾತ್ರಿ. ಆಮೇಲೆ ಖರ್ದುಂಗ್ ಲಾ ದಾಟಿದರೂ ನುಬ್ರಾ ಕಣಿವೆಯ ಹುಂಡರ್‌ನಲ್ಲಿ ಮಲಗುವುದು 3,100ರ ಆಸುಪಾಸಿನಲ್ಲಿ. ಅಲ್ಲಿಂದ ಶ್ಯೋಕ್ ನದಿಯ ಬದಿಯಲ್ಲೇ ಪ್ಯಾಂಗಾಂಗ್‌ಗೆ ಹೋಗುತ್ತೇವೆ.

ಪ್ಯಾಂಗಾಂಗ್ ಮಟ್ಟಿಗೆ ವೈದ್ಯರ 500 ಮೀಟರಿನ ಸೂತ್ರ ಪೂರ್ತಿ ಒಗ್ಗುವುದಿಲ್ಲ. ಹುಂಡರ್‌ನಿಂದ ಸರೋವರಕ್ಕೆ ಸಾವಿರಕ್ಕೂ ಹೆಚ್ಚು ಮೀಟರ್ ಏರು. ಅದಕ್ಕೇ ಮೊದಲ ಏಳು ದಿನ ಅಷ್ಟು ನಿಧಾನವಾಗಿ ಹೋಗುವುದು. ವಯಸ್ಸಾದವರು ಇದ್ದರೆ ಸರೋವರದ ದಡದಲ್ಲಿ ಮಲಗಿಸುವುದೇ ಇಲ್ಲ. ಸುಮಾರು ಒಂದು ಗಂಟೆ ಹಿಂದಿರುವ, ತಗ್ಗಿನಲ್ಲಿರುವ ತಾಂಗ್‌ತ್ಸೆ ಊರಿನಲ್ಲಿ ಉಳಿಸುತ್ತೇನೆ. ಬೆಳಿಗ್ಗೆ ಎಂಟಕ್ಕೆಲ್ಲ ಸರೋವರದ ಎದುರು ನಿಂತಿರುತ್ತಾರೆ. ನೋಡಬೇಕಾದ್ದೂ ಆಗಲೇ. ಮಧ್ಯಾಹ್ನವಾದರೆ ಗಾಳಿ ಎದ್ದು ನೀರು ಕದಡಿದಂತೆ ಕಾಣುತ್ತದೆ. ಬೆಳಿಗ್ಗೆ ಮಾತ್ರ 134 ಕಿ.ಮೀ. ಉದ್ದದ ಆ ಉಪ್ಪುನೀರು ಅಲುಗದೆ ಮಲಗಿರುತ್ತದೆ. ದಡದಲ್ಲಿ ಗಾಜಿನಂತೆ ತಿಳಿ, ಹತ್ತು ಹೆಜ್ಜೆ ಆಚೆ ಹಸಿರು, ಅದರಾಚೆ ಮಸಿಯ ನೀಲಿ. ಬೋಳು ಬೆಟ್ಟಗಳು ತಲೆಕೆಳಗಾಗಿ ಅದರೊಳಗೆ ಇಳಿದಿರುತ್ತವೆ.

ಬೇಗ ಹೊರಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೇಸಿಗೆಯಲ್ಲಿ ಬಿಸಿಲು ಏರಿದಂತೆ ಮೇಲಿನ ಹಿಮ ಕರಗಿ, ದಾರಿಗೆ ಅಡ್ಡ ಹರಿಯುವ ಹಳ್ಳಗಳು ಉಕ್ಕುತ್ತವೆ. ಬೆಳಿಗ್ಗೆ ಚಕ್ರ ಮುಳುಗದಷ್ಟು ಇದ್ದ ನೀರು ಮಧ್ಯಾಹ್ನಕ್ಕೆ ಕಲ್ಲುಗಳನ್ನು ಉರುಳಿಸಿಕೊಂಡು ಬರುತ್ತದೆ. ಪ್ಯಾಂಗಾಂಗ್ ಹಾದಿಯ ಇಂಥದೊಂದು ಹಳ್ಳಕ್ಕೆ ಚಾಲಕರು ಪಾಗಲ್ ನಾಲಾ, ಅಂದರೆ ಹುಚ್ಚು ಹಳ್ಳ ಎಂದೇ ಹೆಸರಿಟ್ಟಿದ್ದಾರೆ. ರಜೆಯಲ್ಲಿ ಬಂದಿದ್ದೇವೆ, ಹತ್ತಕ್ಕೆ ಹೊರಡೋಣ ಎನ್ನುವವರಿಗೆ ನಾನು ಈ ಹೆಸರನ್ನೇ ಹೇಳುತ್ತೇನೆ.

ಉಳಿದ ಸಂಗತಿಗಳು ಬೇಗ ಹೇಳಿ ಮುಗಿಯುತ್ತವೆ. ಪೋಸ್ಟ್‌ಪೇಯ್ಡ್ ಸಿಮ್ ಒಂದಾದರೂ ಇರಲಿ. ನುಬ್ರಾ, ಪ್ಯಾಂಗಾಂಗ್, ತ್ಸೊ ಮೊರಿರಿಗಳಿಗೆ ಹೋಗಲು ಬೇಕಾದ ಕಾಗದಪತ್ರಗಳ ನಾಲ್ಕಾರು ಪ್ರತಿ ಜೊತೆಗಿರಲಿ. ಶ್ರೀನಗರದಿಂದ ಬಂದ ಟ್ಯಾಕ್ಸಿಯಲ್ಲಿ ಲೇಹ್ ಸುತ್ತಲಿನ ಸ್ಥಳಗಳಿಗೆ ಹೋಗಲು ಅಲ್ಲಿನ ಟ್ಯಾಕ್ಸಿ ಒಕ್ಕೂಟ ಬಿಡುವುದಿಲ್ಲ, ಹಾಗಾಗಿ ಲೇಹ್‌ನಿಂದ ಮುಂದೆ ಅಲ್ಲಿಯದೇ ಗಾಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಎಲ್ಲರೂ ನನ್ನನ್ನು ಕೇಳುತ್ತಾರೆ. ನಿಮ್ಮ ವೈದ್ಯರನ್ನು ಕೇಳಿ, ಹೊರಡುವ ಮುಂಚೆಯೇ ಕೇಳಿ ಎನ್ನುತ್ತೇನೆ. ವಿಮಾನದಲ್ಲೇ ಹೋಗುತ್ತೇವೆ ಎನ್ನುವವರಿಗೆ ಲೇಹ್‌ನಲ್ಲಿ ಪೂರ್ತಿ ಎರಡು ದಿನ ವಿಶ್ರಾಂತಿ ಬರೆಯದೆ ಹಾಳೆ ಕೊಡುವುದಿಲ್ಲ. ಹಣ ಕೊಟ್ಟು ಹೋಟೆಲಿನಲ್ಲಿ ಸುಮ್ಮನೆ ಕೂರುವುದೇ ಎಂದು ಕೇಳಿ ಎದ್ದುಹೋದವರಿದ್ದಾರೆ. ಹೋಗಲಿ ಎಂದು ಬಿಟ್ಟಿದ್ದೇನೆ.

ಹಾಳೆಯಲ್ಲಿ ಬರೆಯಲಾಗದ ಒಂದು ಕೆಲಸವನ್ನು ಮಾತ್ರ ಚಾಲಕರಿಗೆ ಒಪ್ಪಿಸಿದ್ದೇನೆ. ನಮ್ಮ ಹಿರಿಯರು ಹುಷಾರಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ತಮ್ಮಿಂದಾಗಿ ಮಕ್ಕಳ ಪ್ರವಾಸ ಕೆಡಬಾರದು ಎಂಬ ಸಂಕೋಚ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೇ ಬೆಳಗಿನ ತಿಂಡಿಯ ಹೊತ್ತಿಗೆ ಚಾಲಕರು ಎರಡೇ ಪ್ರಶ್ನೆ ಕೇಳುತ್ತಾರೆ: ರಾತ್ರಿ ನಿದ್ದೆ ಬಂತೇ? ನಿನ್ನೆ ರಾತ್ರಿ ಏನು ತಿಂದಿರಿ? ತಲೆನೋವಿನ ಜೊತೆ ಊಟ ಸೇರುತ್ತಿಲ್ಲ, ಹೊಟ್ಟೆ ತೊಳಸುತ್ತದೆ ಎಂದರೆ ಅಂದು ಮೇಲೆ ಹೋಗುವುದಿಲ್ಲ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ಕುಡಿದವರ ಹಾಗೆ ತೂರಾಡುವ ನಡಿಗೆ, ಅರ್ಥವಿಲ್ಲದ ಮಾತು ಕಂಡರೆ ಬೆಳಗಾಗುವುದನ್ನು ಕಾಯದೆ ಇಳಿಸಬೇಕು. ಆ ನಿರ್ಧಾರ ಚಾಲಕರದೇ. ನನಗೆ ಆಮೇಲೆ ತಿಳಿಸಿದರೆ ಸಾಕು, ಹಣದ ಮಾತು ನನ್ನದು ಎಂದು ಪ್ರತಿ ಬಾರಿ ಹೊರಡುವ ಮುನ್ನ ಫೋನ್ ಮಾಡಿ ಹೇಳುತ್ತೇನೆ. ಶಿವಮೊಗ್ಗದ ಆ ತಾಯಿಯನ್ನು ಉಳಿಸಿದ್ದು ಅನುಮತಿಗೆ ಕಾಯದ ಒಬ್ಬ ಚಾಲಕ.

ಅವಸರವಿಲ್ಲದವರಿಗೆ ಕೊನೆಯಲ್ಲಿ ತ್ಸೊ ಮೊರಿರಿ ಸೇರಿಸುತ್ತೇನೆ. 4,522 ಮೀಟರ್, ದಡದಲ್ಲಿ ಕೊರ್ಜೋಕ್ ಎಂಬ ಒಂದೇ ಹಳ್ಳಿ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಯಲ್ಲಿ 2002ರಿಂದ ಇರುವ ಜಾಗ ಅದು. ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುವುದು ಅಲ್ಲಿ. ಇದೇ ಜಾತಿಯ ಹೆಬ್ಬಾತುಗಳ ಹಿಂಡುಗಳು ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ಇದನ್ನು ಹೇಳಿದರೆ ಗ್ರಾಹಕರ ಮುಖ ಅರಳುತ್ತದೆ. ಡೇರೆಯನ್ನು ನೀರಿನ ಅಂಚಿಗೇ ಹಾಕಿಸಿ ಎಂಬ ಒತ್ತಾಯವೂ ಅಲ್ಲಿಗೆ ನಿಲ್ಲುತ್ತದೆ.

ಅಲ್ಲಿಂದ ಮುಂದಿನದು ಪ್ರವಾಸದ ಅತಿ ಉದ್ದದ ಹಗಲು. ಮೋರೆ ಬಯಲು, ಪಾಂಗ್, ಲಾಚುಂಗ್ ಲಾ, ಗಾಟಾ ಲೂಪ್ಸ್, ಸರ್ಚುವಿನ ಚಹಾ, ಬಾರಾಲಾಚ ಲಾದ ಬುಡದಲ್ಲಿ ಸೂರಜ್ ತಾಲ್ ಎಂಬ ಪುಟ್ಟ ಸರೋವರ, ಅದರಿಂದ ಹುಟ್ಟುವ ಭಾಗಾ ನದಿಯ ಜೊತೆಜೊತೆಗೇ ಇಳಿಜಾರು. ನಸುಕಿನಲ್ಲಿ ಹೊರಟವರು ಸಂಜೆಗೆ ಅದೇ ನದಿಯ ದಡದ ಜಿಸ್ಪಾ ಸೇರುತ್ತಾರೆ. ನನ್ನ ಎರಡನೆಯ ಕಾಲಂನಲ್ಲಿ ಆ ಸಾಲು 3,200, ಅದರ ಕೆಳಗಿನ ಸಾಲು ಮನಾಲಿಯ 2,050. ಜಿಸ್ಪಾದ ಮರುಬೆಳಗ್ಗೆ ಅಲ್ಲಿಂದ ಫೋನ್ ಬರುತ್ತದೆ. ಸರೋವರ, ಬೆಟ್ಟ, ಫೋಟೊ ಎಲ್ಲ ಆಮೇಲೆ. ಮೊದಲು ಅವರು ಹೇಳುವುದು, ಕೇಳದೆಯೇ, ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತು ಎಂಬುದನ್ನು.