ಬಚ್ಚಲೊಲೆ ಮುಂದೆ

ಊರಿಗೆ ಬಂದು ಎರಡು ದಿನ ಆಯ್ತು, ಮಲೆನಾಡ ಮಳೆ ಗೊತ್ತಲ್ಲ, ನಿಲ್ಲೋ ಲಕ್ಷಣನೇ ಇಲ್ಲ. ನಿನ್ನೆ ಸಂಜೆ ಕರೆಂಟ್ ಹೋಯ್ತು, ಮೊಬೈಲ್ ಚಾರ್ಜ್ ಖಾಲಿ, ಒಬ್ಬೊಬ್ರೇ ಬಂದು ಬಚ್ಚಲೊಲೆ ಮುಂದೆ ಕೂತ್ವಿ, ಸ್ನಾನಕ್ಕಲ್ಲ, ಸುಮ್ನೆ ಚಳಿ ಕಾಯಿಸೋಕೆ. ದೊಡ್ಡಪ್ಪ ಹಲಸಿನ ಬೀಜದ ತುದಿ ಚೂರು ಕತ್ತರಿಸಿ ಕೆಂಡದಲ್ಲಿ ಹೂತಿಟ್ರು (ಹಂಗೇ ಹಾಕಿದ್ರೆ ಪಟಾರ್ ಅಂತ ಸಿಡಿಯತ್ತೆ, ಚಿಕ್ಕೋನಿದ್ದಾಗ ಒಂದ್ಸಲ ಹುಬ್ಬು ಸುಟ್ಕೊಂಡಿದೀನಿ).

ತೋಟದ ಪಾಲಿನ ವಿಷ್ಯಕ್ಕೆ ಮಾತು ಬಿಟ್ಟಿದ್ದ ಚಿಕ್ಕಪ್ಪನೂ ಬಂದು ಕೂತ್ರು. ಯಾರೂ ಯಾರ ಮುಖನೂ ನೋಡ್ಬೇಕಾಗಿಲ್ಲ ನೋಡಿ, ಎಲ್ರ ಕಣ್ಣೂ ಬೆಂಕಿ ಮೇಲೆ, ಅದ್ಕೇ ಮಾತು ಸಲೀಸಾಗಿ ಬರತ್ತೇನೋ. ಅಜ್ಜ ಅಡಿಕೆ ಬೇಯಿಸ್ತಾ ರಾತ್ರಿಯಿಡೀ ಹೇಳ್ತಿದ್ದ ದೆವ್ವದ ಕಥೆ ಶುರುವಾಯ್ತು, ಒಬ್ರು ಬಿಟ್ಟಿದ್ದನ್ನ ಇನ್ನೊಬ್ರು ಸೇರಿಸ್ತಾ ಹೋದ್ರು.

ಪಾಲಿ ವೀಸ್ನರ್ ಅನ್ನೋ ಮಾನವಶಾಸ್ತ್ರಜ್ಞೆ 2014ರಲ್ಲಿ ಬರೆದಿದ್ದು ನೆನಪಾಯ್ತು. ಆಫ್ರಿಕಾದ ಕಲಹರಿ ಮರುಭೂಮಿಯ ಬೇಟೆಗಾರ ಜನ ಹಗಲಲ್ಲಿ ಆಡೋ ಮಾತೆಲ್ಲ ಹೆಚ್ಚಾಗಿ ದೂರು, ದುಡಿಮೆ, ವ್ಯವಹಾರದ್ದೇ ಅಂತೆ, ಕಥೆ ಬರೀ ನೂರಕ್ಕೆ 6, ಅದೇ ರಾತ್ರಿ ಬೆಂಕಿ ಸುತ್ತ ಕೂತ್ರೆ 81 ಭಾಗ ಕಥೆನೇ. ನಮ್ಮನೇಲೂ ಹಗಲೆಲ್ಲ ಪಾಲಿನ ಲೆಕ್ಕ, ರಾತ್ರಿ ದೆವ್ವ!

ಮನೇಲಿ ಗೀಸರ್ ಹಾಕ್ಸೋಣ ಅಂತ ನಾನೇ ಹೋದ್ವರ್ಷದಿಂದ ಹಠ ಹಿಡಿದಿದ್ದೆ, ನಿನ್ನೆ ಆ ಸುದ್ದಿನೇ ಎತ್ಲಿಲ್ಲ. ಒಂಬತ್ತೂವರೆಗೆ ಕರೆಂಟ್ ಬಂತು, ಚಿಕ್ಕಪ್ಪ ಕೂತಲ್ಲಿಂದಲೇ "ಆ ಲೈಟ್ ಆರ್ಸೋ ಮಾರಾಯ, ಕಥೆ ಇನ್ನೂ ಮುಗ್ದಿಲ್ಲ" ಅಂದ್ರು.